ಕಸದ ತೊಟ್ಟಿಗೆ ಅಂಕ

ಕಾರ್ಖಾನೆಯವರು ನಾಣಿಯನ್ನು ತರಬೇತಿಗೆ ಕಳಿಸದಿದ್ದರೆ ಸಿ.ವಿ. ರಾಮನ್ ನಗರದ ಆ ಅಡ್ಡರಸ್ತೆ ನೆಮ್ಮದಿಯಾಗಿರುತ್ತಿತ್ತು. ಯಾವ ತೀರ್ಮಾನವಾದರೂ ಅಂಕ ಹಾಕಿ ನೋಡಬೇಕು, ಹೆಚ್ಚು ಅಂಕ ಬಂದದ್ದೇ ಸರಿ ಎಂದು ಅವನು ಕಲಿತು ಬಂದಿದ್ದ. ಶನಿವಾರ ಬೆಳಿಗ್ಗೆ ಕಾರ್ಪೊರೇಷನ್ ಲಾರಿಯೊಂದು ಸಿಮೆಂಟಿನ ಕಸದ ತೊಟ್ಟಿ ಹೊತ್ತು ಬಂದು ನಿಂತಿತು.

"ಎಲ್ಲಿ ಇಳಿಸ್ಲಿ, ಬೇಗ ಹೇಳಿ," ಎಂದ ಡ್ರೈವರ್ ಚಿನ್ನಪ್ಪ.

"ನಮ್ಮನೆ ಮುಂದೆ ಮಾತ್ರ ಬೇಡಾರೀ," ಎಂದು ಕೋಕಿಲಾ ಗಂಡ ನಾಣಿಗೆ ಪಿಸುಗುಟ್ಟಿ ಒಳಗೆ ಹೋದಳು. ಸೋಮವಾರ ಮುಂದಿನ ಕೋಣೆಯಲ್ಲಿ ಅವಳ ಕಾಂಡಿಮೆಂಟ್ಸ್ ಅಂಗಡಿ ಶುರುವಾಗಬೇಕಿತ್ತು. ಎಷ್ಟೋ ವರ್ಷದ ಆಸೆ. ಚಕ್ಕುಲಿ, ಕೋಡುಬಳೆ ಆಗಲೇ ಡಬ್ಬ ತುಂಬಿದ್ದವು.

ಬೀದಿಯವರು ಬಂದು ಸೇರಿದರು, ತೀರ್ಮಾನವನ್ನು ನಾಣಿ ವಹಿಸಿಕೊಂಡ. ಜಾಣತನದಿಂದ ಎರಡೇ ಜಾಗ ಬರೆದ: ಚಲುವಯ್ಯನವರ ಮೂಲೆಮನೆ, ಹಳೇ ಊರಿನ ಆಂಜನಮ್ಮನ ಖಾಲಿ ಸೈಟು. ಲಾರಿ ತಿರುಗುವುದಕ್ಕೆ ಇಷ್ಟು, ವಾಸನೆಗೆ ಇಷ್ಟು ಎಂದು ಅಂಕ ಹಾಕಿದ. ಮೂಲೆಮನೆ ಗೆದ್ದಿತು.

"ವಾಸನೆಗೆ ಯಾಕ್ರೀ ಅಷ್ಟು ಕಮ್ಮಿ? ಮೂಗಿರೋದು ನಮಗೆ ತಾನೇ?" ಎಂದರು ಚಲುವಯ್ಯ.

ವಾಸನೆಯ ಪಾಲು ಏರಿಸಿದ. ಸೈಟು ಗೆದ್ದಿತು.

"ನಾಣಪ್ಪಾ, ಇದ್ರಲ್ಲಿ ನಿಮ್ಮನೆ ಎಲ್ಲಪ್ಪಾ?" ಎಂದಳು ಆಂಜನಮ್ಮ.

ಬೇರೆ ದಾರಿಯಿಲ್ಲದೆ ನಾಣಿ ತನ್ನ ಮನೆಯನ್ನೂ ಸೇರಿಸಿದ. ಒಂದಕ್ಕೊಂದು ಹೋಲಿಸಿ ಅಂಕ ಹಾಕುವ ಪದ್ಧತಿ ಅದು. ಹೊಸ ಮನೆ ಬಂದದ್ದೇ ಹಳೆಯ ಅಂಕಗಳೆಲ್ಲ ಅಲ್ಲಾಡಿದವು. ನಾಣಿಯ ಮನೆ ಎಲ್ಲಕ್ಕಿಂತ ಕೆಳಗೆ ಬಂತು, ಮೂಲೆಮನೆ ಮತ್ತೆ ಮೇಲೇರಿತು.

"ನಿಮ್ಮನೆ ಸೋತಿದ್ದಕ್ಕೆ ನಾನ್ಯಾಕ್ರೀ ಗೆಲ್ಬೇಕು?" ಚಲುವಯ್ಯ ಕೂಗಾಡಿದರು.

ತರಬೇತಿಯಲ್ಲಿ ಇದನ್ನು ಯಾರೂ ಕೇಳಿರಲಿಲ್ಲ. ಊಟ ಮಾತ್ರ ಚೆನ್ನಾಗಿತ್ತು.

ಬಿಸಿಲು ನೆತ್ತಿಗೆ ಬಂತು. ಚಿನ್ನಪ್ಪ ಆಕಳಿಸುತ್ತ ಹತ್ತಿರ ಬಂದ. "ಸಾರ್, ಒಂದು ಮರ್ತಿದೀರ. ಇಳಿಸಿದ್ಮೇಲೆ ಜಗಳ ಆದ್ರೆ ನಾನೇ ವಾಪಸ್ ಎತ್ಬೇಕು. ಜಗಳ ಮಾಡ್ದಿರೋ ಮನೆಗೆ ಜಾಸ್ತಿ ಅಂಕ ಕೊಡಿ."

ಎಲ್ಲರೂ ಒಪ್ಪಿದರು. ನ್ಯಾಯವಾದ ಮಾತೆಂದು ನಾಣಿಯೂ ಒಪ್ಪಿ, ಅರ್ಧ ಅಂಕವನ್ನು ಅದಕ್ಕೇ ಇಟ್ಟ.

"ಕೋರ್ಟಿಗೆ ಹೋಗ್ತೀನಿ," ಎಂದರು ಚಲುವಯ್ಯ. ಸೊನ್ನೆ.

"ಲಾರಿ ಕೆಳಗೆ ಮಲಿಕ್ಕೊಂತೀನಿ," ಎಂದಳು ಆಂಜನಮ್ಮ. ಅವಳಿಗೂ ಸೊನ್ನೆ.

"ನೀವು ಸಾರ್?" ಎಂದ ಚಿನ್ನಪ್ಪ.

ನಿಂತು ನಿಂತು ನಾಣಿಯ ಕಾಲು ಸೋತಿತ್ತು, ತಲೆ ಸಿಡಿಯುತ್ತಿತ್ತು. "ನನ್ನ ಕೈಲಿ ಜಗಳ ಎಲ್ಲಾಗತ್ತಪ್ಪಾ, ಮುಗಿಸಿ ಸಾಕು," ಎಂದುಬಿಟ್ಟ.

ಪೂರ್ತಿ ಅಂಕ. ಕೂಡಿ ನೋಡಿದವನೂ ಅವನೇ. ತೊಟ್ಟಿ ಅವನ ಗೇಟಿನ ಮುಂದೆ ದಢಾರನೆ ಕೂತಿತು, ಲಾರಿ ಹೊರಟುಹೋಯಿತು. ಚಲುವಯ್ಯನವರು ಆಗಲೇ ಮನೆಯಿಂದ ಬಾಳೆಎಲೆ ತಂದು ಹಾಕಿದರು.

ಸದ್ದಿಗೆ ಕೋಕಿಲಾ ಹೊರಗೆ ಬಂದಳು. ತೊಟ್ಟಿ ನೋಡಿದಳು, ಗಂಡನನ್ನು ನೋಡಿದಳು. ನಾಣಿ ತಡವರಿಸುತ್ತ ನಡೆದದ್ದನ್ನೆಲ್ಲ ಹೇಳಿದ. ಅವಳ ಕಣ್ಣು ತುಂಬಿತು.

"ಜಗಳ ಆಡೋರು ಮನೇಲಿದಾರಾ ಅಂತ ಒಳಗೆ ಬಂದು ಒಂದ್ ಮಾತು ಕೇಳ್ಬಾರ್ದಿತ್ತೇನ್ರೀ?"