ಸೀರೆ ಬದಲಿಸುವ ತನಕ ಕಾಯುವ ರಾಕ್ಷಸ

ನಾನು ಮಗಳ ಪಕ್ಕ ಕುಳಿತು ಕಾರ್ಟೂನು ನೋಡಿದರೆ ನಮ್ಮೂರು ಹಾರವಾಡಕ್ಕೆ ಏನು ನಷ್ಟವೋ ನನಗೆ ತಿಳಿಯದು. ಆದರೆ ಅದನ್ನು ನಿಲ್ಲಿಸಲು ಮಾತ್ರ ಒಬ್ಬರಲ್ಲ ಒಬ್ಬರು ಬರುತ್ತಲೇ ಇರುತ್ತಾರೆ.

ಕಾರ್ಟೂನು ಜಪಾನಿನದು, ಮಾತು ಹಿಂದಿಯದು, ಹೊತ್ತು ಸಂಜೆ ಐದೂವರೆ. ಒಬ್ಬಳು ಶಾಲೆಯ ಹುಡುಗಿ. ಲೆಕ್ಕ ಬರುವುದಿಲ್ಲ, ಬೆಳಿಗ್ಗೆ ಏಳುವುದಿಲ್ಲ, ಎಲ್ಲರ ಹತ್ತಿರವೂ ಬೈಸಿಕೊಳ್ಳುತ್ತಾಳೆ. ಊರಿಗೆ ರಾಕ್ಷಸ ಬಂದ ಕೂಡಲೇ ಕೈಯಲ್ಲಿದ್ದ ಕೋಲು ಎತ್ತಿ ಗಿರ್ರನೆ ತಿರುಗುತ್ತಾಳೆ. ಎಲ್ಲಿಂದಲೋ ರಿಬ್ಬನ್ನು ಬಂದು ಮೈಗೆ ಸುತ್ತಿಕೊಳ್ಳುತ್ತದೆ. ಯೂನಿಫಾರ್ಮು ಹೋಗಿ ಮಿಂಚುವ ಲಂಗ ಬರುತ್ತದೆ. ರಾಕ್ಷಸನನ್ನು ಬಡಿದು ಓಡಿಸಿ, ಮರುದಿನ ಮತ್ತೆ ಲೆಕ್ಕ ಕಲಿಸುವ ಅಕ್ಕೋರ ಹತ್ತಿರ ಬೈಸಿಕೊಳ್ಳುತ್ತಾಳೆ. ಊರು ಉಳಿಸಿದವಳು ಇವಳೇ ಎಂದು ಯಾರಿಗೂ ಗೊತ್ತಿರುವುದಿಲ್ಲ. ಇದನ್ನು ಹೆಂಗಸರು ಯಾಕೆ ನೋಡುತ್ತಾರೆ ಎಂದು ಕೇಳುವವರು ಒಂದು ವಾರ ನಮ್ಮ ಅಡುಗೆಮನೆಯಲ್ಲಿ ಕೆಲಸ ಮಾಡಿ ಆಮೇಲೆ ಕೇಳಲಿ.

ನಾನು ಸಣ್ಣವಳಿದ್ದಾಗ ತವರೂರು ಬೆಳಂಬಾರದಲ್ಲಿ ಪಕ್ಕದ ಮನೆಯ ಕಿಟಕಿಗೆ ಜೋತುಬಿದ್ದು ಇಂಥದ್ದೇ ಇನ್ನೊಂದನ್ನು ನೋಡುತ್ತಿದ್ದೆ. ಆ ಹುಡುಗಿ ಬೇರೆ, ರಿಬ್ಬನ್ನಿನ ಬಣ್ಣ ಬೇರೆ. ತಿರುಗುವುದು ಮಾತ್ರ ಇದೇ. ಹತ್ತನೆಯದಕ್ಕೆ ನನ್ನ ಶಾಲೆ ನಿಂತಿತು. ಅವಳು ತಿರುಗುವುದು ನಿಲ್ಲಲಿಲ್ಲ.

ಅಕ್ಕೋರ ದೂರು

ನನ್ನ ಮಗಳು ಎರಡನೆಯ ತರಗತಿ. ಒಂದನೆಯದರಲ್ಲಿ ವರ್ಷವಿಡೀ ಬಾಯಿ ಬಿಟ್ಟವಳಲ್ಲ. ಓದಲು ಎಬ್ಬಿಸಿದರೆ ನೆಲ ನೋಡುತ್ತ ನಿಲ್ಲುತ್ತಿದ್ದಳು. ಮನೆಯಲ್ಲಿ ಗಿಳಿಯ ಹಾಗೆ ಮಾತಾಡುವ ಮಗು ಶಾಲೆಯಲ್ಲಿ ಕಲ್ಲಾಗುತ್ತಿತ್ತು. ಆಗ ಒಬ್ಬರೂ ನನ್ನನ್ನು ಕರೆದು ಕೇಳಲಿಲ್ಲ.

ಈ ಜೂನಿನಲ್ಲಿ ಶಾಲೆ ಶುರುವಾಗಿ ಸ್ವಲ್ಪ ದಿನಕ್ಕೆ ಅಕ್ಕೋರು ಕರೆಸಿದರು. ನಿಮ್ಮ ಮಗಳು ಓದು ಅಂದರೆ ಮೊದಲು ಪೆನ್ಸಿಲ್ ಎತ್ತಿ ಒಂದು ಸುತ್ತು ತಿರುಗುತ್ತಾಳೆ, ಆಮೇಲೆ ಓದುತ್ತಾಳೆ, ಇದೆಲ್ಲ ಆ ಕಾರ್ಟೂನಿನ ಕರ್ಮ ಎಂದರು. ತಾಯಿಯಾದ ನೀವೂ ಕುಳಿತು ನೋಡುತ್ತೀರಂತೆ ಎಂದೂ ಸೇರಿಸಿದರು.

ನಾನು ಕೇಳಿದೆ, "ತಿರುಗಿದ ಮೇಲೆ ಓದ್ತಾಳಾ?"

"ಓದ್ತಾಳೆ. ತಪ್ಪಿಲ್ಲದೆ ಓದ್ತಾಳೆ."

"ಮತ್ತೆ ದೂರು ಎಂತದು ಅಕ್ಕೋರೆ?"

ಅಕ್ಕೋರು ತಲೆಗೆ ಕೈ ಹಚ್ಚಿದರು. ನಿನ್ನೆ ಹೆಡ್ ಮಾಸ್ತರು ತರಗತಿಗೆ ಬಂದು, ಎಲ್ಲಾ ಮಕ್ಕಳೂ ಎದ್ದು ನಿಂತು ಪದ್ಯ ಹೇಳಿ ಎಂದರಂತೆ. ಇಡೀ ಎರಡನೆಯ ತರಗತಿ ಪೆನ್ಸಿಲ್ ಎತ್ತಿ ಗಿರಗಿರ ತಿರುಗಿತಂತೆ. ನೋಡುತ್ತ ನಿಂತಿದ್ದ ಹೆಡ್ ಮಾಸ್ತರಿಗೇ ತಲೆ ಸುತ್ತು ಬಂದು, ನೀರು ಕೊಟ್ಟು ಕೂರಿಸಬೇಕಾಯಿತಂತೆ.

ಒಳ್ಳೆ ಮನೆಯವ

ನಮ್ಮ ಅತ್ತೆ ಅಂಕೋಲಾ ಪೇಟೆಯಲ್ಲಿ ಮೀನು ಮಾರುತ್ತಾರೆ. ಮಳೆಗಾಲದಲ್ಲಿ ಬೋಟು ಕಡಲಿಗಿಳಿಯದೆ ಬಂದ್ ಆದಾಗ ಒಣಮೀನು. ಅವರಿಗೆ ಎರಡು ಸೀರೆ: ಮೀನಿನ ಸೀರೆ, ಮನೆ ಸೀರೆ. ಮೀನಿನ ಸೀರೆ ನಮ್ಮ ಹೊಸ್ತಿಲು ದಾಟುವಂತಿಲ್ಲ. ಪೇಟೆಯಿಂದ ಬಂದವರು ಹಿಂದಿನ ಬಚ್ಚಲಿಗೆ ಹೋಗಿ, ಮಿಂದು, ಮನೆ ಸೀರೆ ಉಟ್ಟೇ ಒಳಗೆ ಬರಬೇಕು. ಇದು ಅವರ ಅತ್ತೆ ಹಾಕಿದ ನಿಯಮ, ಇವರು ಅದನ್ನು ಇನ್ನೂ ಬಿಗಿ ಮಾಡಿದ್ದಾರೆ. ನನ್ನ ಗಂಡ ಬಲೆ ಎಳೆದ ಚಡ್ಡಿಯಲ್ಲೇ ಒಳಗೆ ಬಂದು ಚಾ ಕೇಳುತ್ತಾರೆ. ಅವರಿಗೆ ನಿಯಮ ಇಲ್ಲ. ಗಂಡಸರ ಮೀನಿಗೆ ವಾಸನೆ ಇರುವುದಿಲ್ಲವೋ ಏನೋ.

ಕಾರ್ಟೂನು ನೋಡುತ್ತೇನೆಂದು ಮೊದಮೊದಲು ಅತ್ತೆಯೂ ನನ್ನನ್ನು ಬೈದವರೇ. ಆದರೆ ಬಚ್ಚಲಿಗೆ ಹೋಗುವ ದಾರಿಯಲ್ಲಿ ಕಿಟಕಿ ಇದೆ. ಒಂದು ದಿನ ಬುಟ್ಟಿ ಕಂಕುಳಲ್ಲಿಟ್ಟು ಅಲ್ಲೇ ನಿಂತರು. ಮರುದಿನವೂ ನಿಂತರು. ಹುಡುಗಿ ತಿರುಗುತ್ತಿದ್ದಳು, ರಿಬ್ಬನ್ನು ಸುತ್ತುತ್ತಿತ್ತು, ಮುಗಿಯುವ ಲಕ್ಷಣ ಇರಲಿಲ್ಲ.

"ಅವಳು ಬಟ್ಟೆ ಬದಲಿಸೂ ತನಕ ಆ ರಾಕ್ಷಸ ಎಂತ ಮಾಡ್ತ?" ಎಂದು ಕಿಟಕಿಯಿಂದ ಕೇಳಿದರು.

"ಕಾಯ್ತಾನೆ ಅತ್ತೆ."

"ನಡುವೆ ಬಂದು ಹೊಡೆಯೂದಿಲ್ಲ?"

"ಇಲ್ಲ."

ಅದೇ ಹೊತ್ತಿಗೆ ಒಳಗಿನಿಂದ ನಮ್ಮನೆಯವರು ಕೂಗಿದರು, ಅಮ್ಮ ಇನ್ನೂ ಮಿಂದಾಗಿಲ್ಲವೇ, ಚಾಕ್ಕೆ ತಿನ್ನಲು ಎಂತ ತಂದಿದ್ದಾಳೆ ಎಂದು. ಅತ್ತೆ ಮಗನ ದನಿ ಬಂದ ಕಡೆ ಒಮ್ಮೆ ನೋಡಿ, ಟೀವಿಯಲ್ಲಿನ ರಾಕ್ಷಸನನ್ನು ಇನ್ನೊಮ್ಮೆ ನೋಡಿ ಹೇಳಿದರು:

"ಯಾರೋ ಒಳ್ಳೆ ಮನೆಯವ ಅಂವ."

ಆಮೆಯ ಗತಿ

ನಮ್ಮನೆಯವರ ಅಕ್ಕನ ಗಂಡ, ಅಂದರೆ ನನಗೆ ಭಾವ, ಕದ್ವಾಡದವರು. ಕಾರವಾರದಲ್ಲಿ ಆಫೀಸು. ಆಫೀಸಿನಲ್ಲಿ ಅವರ ಮಾತು ಯಾರೂ ಕೇಳುವುದಿಲ್ಲವೆಂದು ಕಾಣುತ್ತದೆ, ಅಷ್ಟನ್ನೂ ಕೂಡಿಟ್ಟು ನಮ್ಮ ಮನೆಗೆ ತರುತ್ತಾರೆ. ಮಗುವಿನ ತಾಯಿ ಕಾರ್ಟೂನು ನೋಡುವುದೆಂದರೆ ಬುದ್ಧಿ ಬೆಳೆದಿಲ್ಲ ಎಂದೇ ಅರ್ಥ ಎಂದರು.

ನನಗೆ ಮೈ ಉರಿಯಿತು. ನಿಮ್ಮ ಸಿನೆಮಾದಲ್ಲಿ ಒಬ್ಬ ಗಂಡಸು ಒಂದೇ ಕೈಯಲ್ಲಿ ಊರಿನ ರೌಡಿಗಳನ್ನೆಲ್ಲ ಹಾರಿಸುತ್ತಾನೆ, ತಲೆಕೂದಲು ಕೆದರುವುದಿಲ್ಲ, ಅದಕ್ಕೆ ನೀವು ಸೀಟಿ ಹೊಡೆಯುತ್ತೀರಿ, ಒಬ್ಬ ಹುಡುಗಿ ಒಬ್ಬ ರಾಕ್ಷಸನಿಗೆ ಹೊಡೆದರೆ ಮಾತ್ರ ಅದು ಮಕ್ಕಳಾಟವೇ ಎಂದು ಕೇಳಿದೆ.

ಭಾವ, ಇದರಲ್ಲಿ ಏನೇನು ತಪ್ಪಿದೆ ಎಂದು ತೋರಿಸಿಯೇ ಹೋಗುತ್ತೇನೆ ಎಂದು ಟೀವಿಯ ಮುಂದೆ ಕುಳಿತರು. ಮೊದಲು ಎರಡು ತಪ್ಪು ತೋರಿಸಿದರು. ಆಮೇಲೆ ತಪ್ಪು ಹುಡುಕುವುದನ್ನೇ ಮರೆತರು. ಆ ಹುಡುಗಿಗೆ ಜೊತೆಗಾರನಾಗಿ ಮಾತಾಡುವ ಒಂದು ಆಮೆಯಿದೆ. ಆ ದಿನ ರಾಕ್ಷಸ ಅದನ್ನು ಹಿಡಿದುಕೊಂಡು ಹೋದ. ರಸ್ತೆಯಲ್ಲಿ ಕಾರವಾರದ ಟೆಂಪೋ ಹಾರ್ನು ಹೊಡೆದು ಹೊಡೆದು ಹೋಯಿತು. ಭಾವ ಏಳಲಿಲ್ಲ.

ಮುಗಿದ ಮೇಲೆ ಟೆಂಪೋ ತಪ್ಪಿದ್ದು ನೆನಪಾಗಿ ಭಾವನಿಗೆ ಸಿಟ್ಟು ಬಂತು, ಅದೂ ನನ್ನ ಮೇಲೆ. ನಮ್ಮನೆಯವರನ್ನು ಕೂರಿಸಿಕೊಂಡು, ಆ ಚಾನೆಲ್ಲಿಗೆ ನಂಬರಿನ ಬೀಗ ಹಾಕುವುದು ಹೇಗೆಂದು ಕಲಿಸಿಕೊಟ್ಟು ಹೋದರು. ಬೋಟು ಬಂದ್ ಆಗಿ ಮನೆಯಲ್ಲಿ ಕುಳಿತ ನಮ್ಮನೆಯವರಿಗೆ ಸಂಜೆಯೂ ಕ್ರಿಕೆಟ್ ಬೇಕಿತ್ತು. ಕೂಡಲೇ ಹಾಕಿದರು.

ಮರುದಿನ ಸಂಜೆ ಆರಕ್ಕೆ ಭಾವನ ಫೋನು, ನನಗೆ. ಮಳೆ ಹೇಗಿದೆ, ಮಗು ಹೇಗಿದೆ ಎಂದೆಲ್ಲ ಕೇಳಿ, ದನಿ ತಗ್ಗಿಸಿ ಕೇಳಿದರು, "ಆ ಆಮೆ ಬದುಕ್ತೋ?"

"ನಂಗೆಂತ ಗೊತ್ತು ಭಾವ? ಬೀಗ ಹಾಕಿಸಿದವರು ನೀವೇ."

ಹೊಸ್ತಿಲು ದಾಟಿದ ಸೀರೆ

ಬೀಗ ಬಿದ್ದ ವಾರ ಮಗಳು ಶಾಲೆಯಲ್ಲಿ ಮತ್ತೆ ಕಲ್ಲಾದಳು. ಪೆನ್ಸಿಲ್ ಎತ್ತಲಿಲ್ಲ, ತಿರುಗಲಿಲ್ಲ, ಬಾಯಿ ಬಿಡಲಿಲ್ಲ. ಅಕ್ಕೋರೇ ನನ್ನನ್ನು ದಾರಿಯಲ್ಲಿ ನಿಲ್ಲಿಸಿ, ತಿರುಗಿದರೂ ಅಡ್ಡಿಯಿಲ್ಲ, ಓದಲಿ ಮಾರಾಯ್ತಿ ಎಂದರು.

ಮನೆಗೆ ಬಂದು ಗಂಡನಿಗೆ ಹೇಳಿದೆ. ನಾಲ್ಕು ದಿನ ಸುಮ್ಮನಿದ್ದರೆ ಮರೆಯುತ್ತಾಳೆ ಎಂದರು, ಕಣ್ಣು ಕ್ರಿಕೆಟ್ಟಿನ ಮೇಲೆ. ನಾನು ಹೇಳಬೇಕಾದ್ದನ್ನೆಲ್ಲ ಹೇಳಿದೆ, ಹೇಳಬಾರದ್ದನ್ನೂ ಹೇಳಿದೆ. ಪಾತ್ರೆಗಳನ್ನು ಕುಕ್ಕಿದೆ. ಮೂಲೆಯಲ್ಲಿ ಕುಳಿತ ಮಗಳು ನೆಲ ನೋಡುತ್ತಿದ್ದಳು.

ಆ ಹೊತ್ತಿಗೆ ಅತ್ತೆ ಪೇಟೆಯಿಂದ ಬಂದರು. ಕಿಟಕಿಯ ಹತ್ತಿರ ನಿಂತರು. ಟೀವಿಯಲ್ಲಿ ಕ್ರಿಕೆಟ್ಟು ಕಂಡಿತು, ಮೂಲೆಯಲ್ಲಿ ಮೊಮ್ಮಗಳು ಕಂಡಳು. ಬಚ್ಚಲಿನ ಕಡೆ ಹೋಗಲಿಲ್ಲ. ಸುತ್ತು ಹಾಕಿ ಮುಂಬಾಗಿಲಿಗೆ ಬಂದು, ಮೀನಿನ ಸೀರೆಯಲ್ಲೇ, ಬುಟ್ಟಿಯ ಸಮೇತ ಹೊಸ್ತಿಲು ದಾಟಿದರು. ನಾನು ಈ ಮನೆಗೆ ಬಂದ ಮೇಲೆ ಅಂಥದ್ದನ್ನು ನೋಡಿರಲಿಲ್ಲ. ನೆಟ್ಟಗೆ ನಡೆದು ಮಗನ ಹಾಸಿಗೆಯ ಮೇಲೆ ಕುಳಿತರು. ಬುಟ್ಟಿಯನ್ನು ಮಗನ ದಿಂಬಿನ ಮೇಲೆ ಇಟ್ಟರು. ಅದು ನನ್ನ ಹಾಸಿಗೆಯೂ ಹೌದು, ಆದರೂ ನಾನೇ ಹೊದಿಕೆ ಸರಿಸಿ ಜಾಗ ಮಾಡಿಕೊಟ್ಟೆ.

ಒಣಮೀನಿನ ವಾಸನೆ ಮನೆ ತುಂಬಿತು. ನಮ್ಮನೆಯವರು ಮೂಗು ಮುಚ್ಚಿಕೊಂಡು, ಅಮ್ಮಾ, ಮೀಯುವುದಿಲ್ಲವೇ ಎಂದರು.

"ಬೀಗ ತೆಗೆ. ತೆಗೆದ್ ಮೇಲೆ ಮೀಯ್ತೆ."

"ನಾಳೆ ತೆಗೀತೆ ಅಮ್ಮ."

"ಹಂಗಾರೆ ನಾನೂ ನಾಳೆ ಮೀಯ್ತೆ" ಎಂದು ಅತ್ತೆ ಕಾಲು ಮೇಲೆ ತೆಗೆದು ಸರಿಯಾಗಿ ಒರಗಿದರು.

ಬೀಗ ತೆರೆಯಿತು. ಮಗಳು ಮೂಲೆಯಿಂದ ಎದ್ದು ಬಂದಳು. ಹುಡುಗಿ ಕೋಲು ಎತ್ತುವ ಹೊತ್ತಿಗೆ ಸರಿಯಾಗಿ ಜಾಹೀರಾತು ಬಂತು. ನಮ್ಮನೆಯವರು ಮೆಲ್ಲಗೆ ರಿಮೋಟಿನ ಗುಂಡಿಗೆ ಬೆರಳು ತಂದರು, ಸ್ಕೋರು ಒಂದು ನೋಡುವ ಆಸೆ.

ಹಿತ್ತಿಲ ಬಾಗಿಲ ಹತ್ತಿರ ಹೋಗಿದ್ದ ಅತ್ತೆ ಮಗನ ಕಡೆ ತಿರುಗಿ ನಿಂತರು. "ತಮ್ಮಾ, ನಾ ಮಿಂದು ಸೀರೆ ಬದಲಿಸಿ ಬತ್ತೆ. ಅಲ್ಲಿ ತನಕ ಕೈ ಅಲ್ಲಾಡಿಸ್ಬೇಡ."

ಅಷ್ಟು ದೊಡ್ಡ ಆಳು, ಬಲೆ ಎಳೆದು ಎಳೆದು ಗಟ್ಟಿಯಾದ ಕೈಯಲ್ಲಿ ರಿಮೋಟು ಎತ್ತಿ ಹಿಡಿದುಕೊಂಡು, ಟೀವಿಯ ಮುಂದೆ ನಿಂತಲ್ಲೇ ನಿಂತರು. ಬಚ್ಚಲಿನಲ್ಲಿ ನೀರು ಸುರಿಯುವ ಸದ್ದು ಕೇಳುತ್ತಿತ್ತು. ಅತ್ತೆ ಅವಸರ ಮಾಡಲಿಲ್ಲ.

ಮಗಳು ಅಪ್ಪನನ್ನು ಕೆಳಗಿನಿಂದ ಮೇಲಿನ ತನಕ ನೋಡಿದಳು. ಆಮೇಲೆ ನನ್ನ ಸೆರಗು ಎಳೆದು, ಇಡೀ ಮನೆಗೆ ಕೇಳುವ ಹಾಗೆ ಹೇಳಿದಳು:

"ಆಯೀ, ನಮ್ಮ ರಾಕ್ಷಸನೂ ಒಳ್ಳೆ ಮನೆಯವ."