ನದಿಯಾಚೆಯ ಹವಾಮಾನ

ನದಿಯಾಚೆಯ ದೇಶದಲ್ಲಿ ಹಿತವಾದ ಹವೆ ಇರಕೂಡದೆಂದು ಪತ್ರಿಕೆಯ ವಿದೇಶ ವಿಭಾಗವು ಸರ್ವಾನುಮತದಿಂದ ತೀರ್ಮಾನಿಸಿ ಆಗಲೇ ಮೂರು ವರ್ಷವಾಗಿತ್ತು. ಸರ್ಕಾರದಿಂದ ಅಂಥ ಆದೇಶವೇನೂ ಬಂದಿರಲಿಲ್ಲ. ಬಂದರೂ ಬರಬಹುದೆಂದು ಊಹಿಸಿ ಪತ್ರಿಕೆ ತಾನಾಗಿಯೇ ಮುಂಚಿತವಾಗಿ ಪಾಲಿಸುತ್ತಿತ್ತು. ಹೀಗೆ ಯಾರೂ ಹೇಳದೆ ಪಾಲಿಸುವುದನ್ನು ಸಂಪಾದಕರು ಪತ್ರಿಕಾ ಸ್ವಾತಂತ್ರ್ಯವೆಂದು ಕರೆಯುತ್ತಿದ್ದರು. ಅದರ ಮೇಲೆ ವರ್ಷಕ್ಕೊಂದು ಭಾಷಣವನ್ನೂ ಮಾಡುತ್ತಿದ್ದರು.

ಮಿತ್ರರಾಷ್ಟ್ರಗಳಲ್ಲಿ ಬಿಸಿಲು ಎಳೆಯದಾಗಿರತಕ್ಕದ್ದು, ಮಳೆ ಸಕಾಲಕ್ಕೆ ಬರತಕ್ಕದ್ದು. ನದಿಯಾಚೆ ಮಾತ್ರ ಚಳಿ ಕೊರೆಯತಕ್ಕದ್ದು, ಅದಕ್ಕೆ ಅಲ್ಲಿನ ಆಡಳಿತವೇ ಹೊಣೆಯಾಗಿರತಕ್ಕದ್ದು. ಇದನ್ನು ಜಾರಿಗೆ ತರುವ ಕೆಲಸ ಹವಾಮಾನದ ಅಂಕಣ ನೋಡಿಕೊಳ್ಳುವ ಉಪಸಂಪಾದಕನದು. ಕಚೇರಿಯಲ್ಲಿ ಅವನನ್ನು ಎಲ್ಲರೂ ಥರ್ಮಾಮೀಟರು ಎಂದೇ ಕರೆಯುತ್ತಿದ್ದರು. ಪಾಪದ ಮನುಷ್ಯ, ಒಪ್ಪಿಸಿದ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುವವನು. ಕಿಟಕಿಯ ಹೊರಗೆ ತೂಗುಹಾಕಿದ ಮಾಪಕ ಇಪ್ಪತ್ತಾರು ಡಿಗ್ರಿ ತೋರಿಸಿದರೆ ಈಚೆ ದಡಕ್ಕೆ ಅದನ್ನೇ ಬರೆದು, ನದಿಯಾಚೆಗೆ ಮೂವತ್ತು ಕಳೆದು, ಸೊನ್ನೆಗಿಂತ ನಾಲ್ಕು ಕೆಳಗೆ ಎಂದು ಬರೆಯುತ್ತಿದ್ದ.

ತೊಂದರೆ ಶುರುವಾದದ್ದು ಮನೆಯಲ್ಲಿ. ಅವನ ಅಕ್ಕ ಮದುವೆಯಾಗಿ ನದಿಯಾಚೆಗೆ ಹೋಗಿದ್ದಳು. ಈಗ ಎಂಟು ತಿಂಗಳ ಗರ್ಭಿಣಿ. ಹೆರಿಗೆಗೆ ಅಮ್ಮ ಬಂದೇ ಬರಬೇಕೆಂದು ಫೋನಿನಲ್ಲಿ ಅಳುತ್ತಿದ್ದಳು. ಸೇತುವೆ ದಾಟಿದರೆ ಹತ್ತು ನಿಮಿಷದ ದಾರಿ. ಅಕ್ಕ ತನ್ನ ತಾರಸಿಯಲ್ಲಿ ಒಣಗಹಾಕಿದ ಬಟ್ಟೆ ಇವರ ತಾರಸಿಯಿಂದ ಕಾಣುತ್ತಿತ್ತು. ಆದರೆ ಅಮ್ಮನಿಗೆ ಮಂಡಿನೋವು. ಅಷ್ಟು ಚಳಿಗೆ ಮಂಡಿ ಹಿಡಿದುಕೊಂಡು, ಬಾಣಂತನ ಮಾಡಲು ಹೋದವಳೇ ಹಾಸಿಗೆ ಹಿಡಿದರೆ ಮಗಳಿಗೆ ಇಮ್ಮಡಿ ಕೆಲಸವೆಂದು ಅವಳು ಹೋಗಲು ಒಪ್ಪಲಿಲ್ಲ.

ಆ ಚಳಿ ತಾನೇ ಬರೆದದ್ದೆಂದು ಮಗ ಒಪ್ಪಿಕೊಂಡ.

"ಗೊತ್ತು ಕಣೋ," ಎಂದಳು ಅಮ್ಮ. "ನೀನು ಬರೀತೀಯ ಅಂತಲೇ ನಾನು ನಂಬೋದು. ನನ್ನ ಮಗ ಸುಳ್ಳು ಬರೀತಾನಾ?"

ಅವನು ಅವಳನ್ನು ತಾರಸಿಗೆ ಕರೆದೊಯ್ದು ಅಕ್ಕನ ಬಟ್ಟೆಗಳನ್ನು ತೋರಿಸಿದ. ಪಾಪ, ಚಳಿಗೆ ಸೆಟೆದುಕೊಂಡಿವೆ ಎಂದು ಅಮ್ಮ ಕಣ್ಣೊರೆಸಿಕೊಂಡಳು.

ಮರುದಿನ ಅವನು ಸಂಪಾದಕರ ಕೋಣೆಗೆ ಹೋಗಿ, ಒಂದೇ ಒಂದು ದಿನ ನದಿಯಾಚೆಯ ನಿಜವಾದ ಉಷ್ಣಾಂಶ ಹಾಕಲು ಅಪ್ಪಣೆ ಬೇಡಿದ. ಸತ್ಯದ ಬಗ್ಗೆ ಪತ್ರಿಕೆಗೆ ವಿರೋಧವೇನೂ ಇಲ್ಲವೆಂದೂ, ಪತ್ರಿಕೆಯ ಹೆಸರಿನ ಕೆಳಗೆ ಆ ಪದ ದಿನವೂ ಅಚ್ಚಾಗುತ್ತದೆಂದೂ, ಆದರೆ ಒಳಪುಟಗಳಲ್ಲಿ ಅದಕ್ಕೊಂದು ಕ್ರಮವಿದೆಯೆಂದೂ ಸಂಪಾದಕರು ವಿವರಿಸಿದರು.

"ಅಚ್ಚಿನ ದೋಷ ಅಂತ ಹಾಕ್ಕೊಳ್ಳಿ," ಎಂದರು. "ಮಾರನೇ ದಿನ ತಿದ್ದುಪಡಿ ಹಾಕಿ ವಿಷಾದಿಸೋಣ. ದೋಷ ಮಾಡೋ ಸ್ವಾತಂತ್ರ್ಯ ನಮಗೆ ಯಾವಾಗ್ಲೂ ಇದೆ ಕಣ್ರೀ."

ಬುಧವಾರದ ಸಂಚಿಕೆಯಲ್ಲಿ ನದಿಯಾಚೆ ಇಪ್ಪತ್ತಾರು ಡಿಗ್ರಿ ಎಂದು ಅಚ್ಚಾಯಿತು. ಮಗ ಓಡಿಬಂದು ಪತ್ರಿಕೆ ತೋರಿಸಿದ. ಅಮ್ಮ ಕಣ್ಣು ಕಿರಿದು ಮಾಡಿ ನೋಡಿ, ಅಚ್ಚಿನ ದೋಷವಿರಬೇಕು, ಒಂದು ದಿನ ಕಾಯೋಣ ಎಂದಳು. ಗುರುವಾರ ತಿದ್ದುಪಡಿ ಬಂತು:

"ನಿನ್ನೆಯ ಸಂಚಿಕೆಯಲ್ಲಿ ನದಿಯಾಚೆಯ ಉಷ್ಣಾಂಶವು ಕಣ್ತಪ್ಪಿನಿಂದ ಇದ್ದದ್ದು ಇದ್ದಂತೆಯೇ ಪ್ರಕಟವಾಗಿದೆ. ಇದರಿಂದ ಓದುಗರಿಗೆ ಉಂಟಾದ ನೆಮ್ಮದಿಗಾಗಿ ವಿಷಾದಿಸುತ್ತೇವೆ."

ಓದುಗರು ಯಾರೂ ಇದರಲ್ಲಿ ವಿಶೇಷವೇನನ್ನೂ ಕಾಣಲಿಲ್ಲ. ಮಗ ಮಾತ್ರ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಅಕ್ಕನಿಗೆ ದಿನ ಹತ್ತಿರ ಬರುತ್ತಿತ್ತು. ನಿಜದಿಂದ ಆಗದ ಕೆಲಸವನ್ನು ಸುಳ್ಳಿನ ಕೈಯಲ್ಲೇ ಮಾಡಿಸಬೇಕೆಂದು ಕೊನೆಗೆ ಅವನಿಗೆ ಹೊಳೆಯಿತು. ಶನಿವಾರ ಮೂವತ್ತರ ಬದಲು ಐವತ್ತು ಕಳೆದ. ಪಕ್ಕದಲ್ಲೇ "ನದಿಯಾಚೆ ಕಂಬಳಿ ಅಭಾವ, ಗರ್ಭಿಣಿಯರ ಬಳಿ ತಾಯಿ ಇದ್ದರೆ ಮಾತ್ರ ಕ್ಷೇಮ: ತಜ್ಞರು" ಎಂಬ ಸುದ್ದಿಯನ್ನೂ ಸೇರಿಸಿದ. ಇಷ್ಟು ದಿಟ್ಟ ಪತ್ರಿಕೋದ್ಯಮ ಕಂಡು ಬಹಳ ದಿನವಾಗಿತ್ತೆಂದು ಸಂಪಾದಕರು ಬೆನ್ನು ತಟ್ಟಿದರು.

ಅಮ್ಮ ಓದಿದಳು. ಮಂಡಿನೋವು ಎಲ್ಲಿ ಹೋಯಿತೋ ಏನೋ, ಮಧ್ಯಾಹ್ನದೊಳಗೆ ನಾಲ್ಕು ಕಂಬಳಿಯ ಗಂಟು ಕಟ್ಟಿ, ಎರಡು ಸ್ವೆಟರ್ ತೊಟ್ಟು, ಕಿವಿ ಮುಚ್ಚುವ ಟೋಪಿ ಹಾಕಿ ಮಗನೊಡನೆ ಸೇತುವೆ ಹತ್ತಿದಳು. ಬೆವರು ಧಾರಾಕಾರವಾಗಿ ಇಳಿಯುತ್ತಿತ್ತು. ನಡುವಿನ ಬಿಳಿ ಗಡಿಗೆರೆಯವರೆಗೆ ಗಂಟು ಹೊತ್ತು ತಂದ ಸೇತುವೆಯ ಕಾವಲುಗಾರ, ಗೆರೆಯ ಬಳಿ ನಿಂತು ಮೊದಲು ಮಫ್ಲರ್ ಸುತ್ತಿಕೊಂಡ. ಆಚೆಗೆ ಅಕ್ಕ ತನ್ನ ತುಂಬಿದ ಹೊಟ್ಟೆಯ ಮೇಲೆ ಮಳೆಯಂಗಿ ತೊಟ್ಟು ಕಾಯುತ್ತಿದ್ದಳು. ಯಾಕೆಂದು ಮಗನಿಗೆ ತಿಳಿಯಲಿಲ್ಲ. ತಾಯಿ ಮಗಳು ತಬ್ಬಿಕೊಂಡು ಅತ್ತದ್ದನ್ನು ನೋಡಿ ಅವನಿಗೂ ಅಳು ಬಂತು.

ತಿಂಗಳ ಮೇಲೆ ಅಮ್ಮನ ಫೋನು ಬಂತು. ಹೆಣ್ಣು ಮಗು, ಇಬ್ಬರೂ ಕ್ಷೇಮ. ಅವನಿಗೆ ಜೀವ ಹಗುರಾಯಿತು. ಚಳಿ ಹೇಗಿದೆಯೆಂದು ಹಿಂಜರಿಯುತ್ತಲೇ ಕೇಳಿದ.

"ನೀನು ಬರೆದ ಹಾಗೇ ಇದೆ ಮಗಾ, ವಿಪರೀತ. ಫ್ಯಾನ್ ಹಾಕ್ಕೊಂಡ್ರೇನೇ ನಿದ್ದೆ ಬರೋದು. ಅದಿರ್ಲಿ, ನೀನು ಹೇಗಿದೀಯ? ಊರೆಲ್ಲ ಪ್ರವಾಹದಲ್ಲಿ ಮುಳುಗಿದೆ ಅಂತ ಇಲ್ಲಿನ ಪೇಪರಲ್ಲಿ ದಿನಾ ಬರ್ತಿದೆ. ನಿನ್ನಕ್ಕ ಅವತ್ತು ಮಳೆಯಂಗಿ ಹಾಕ್ಕೊಂಡಿದ್ದು ಅದಕ್ಕೇ."

ಇಲ್ಲಿ ಒಂದು ಹನಿಯೂ ಬಿದ್ದಿಲ್ಲ, ಬೇಕಾದರೆ ತಾರಸಿಗೆ ಹೋಗಿ ನಮ್ಮ ಮನೆ ನೋಡು ಎಂದ.

"ನೋಡಿದೆ. ತಾರಸಿ ಮಾತ್ರ ಕಾಣ್ತಿದೆ. ಅಂದ್ರೆ ಕೆಳಗೆಲ್ಲ ನೀರೇ ಅಲ್ವಾ? ಅವರ್ಯಾಕೆ ಸುಳ್ಳು ಬರೀತಾರೆ ಮಗಾ, ಬರೆಯೋನಿಗೂ ಒಬ್ಬಳು ತಾಯಿ ಇರೋಲ್ವಾ?"

ಅವನು ಹೂಂ ಅಮ್ಮ, ಹುಷಾರಾಗಿದ್ದೇನೆ ಎಂದು ಹೇಳಿ ಫೋನಿಟ್ಟ. ಹೊರಗೆ ಬಿಸಿಲು ಹಿತವಾಗಿತ್ತು. ಬಾಗಿಲ ಬಳಿ ಬಿಟ್ಟಿದ್ದ ಚಪ್ಪಲಿಗಳನ್ನು ಎತ್ತಿ ಮೇಲಿನ ಗೂಡಿನಲ್ಲಿಟ್ಟು, ಕಾಲು ಮಡಚಿಕೊಂಡು ಮಂಚದ ಮೇಲೆ ಕುಳಿತ.