ಒಂದು ಅಸಲಿ ನೆಗಡಿ ಬೇಕಾಗಿದೆ

ಗ್ರಂಥಾಲಯದ ಮೇಡಂಗೆ ನೆಗಡಿ ವಾಸಿಯಾಯಿತು. ಅವತ್ತಿನ ಅನಾಹುತಕ್ಕೆಲ್ಲ ಅದೇ ಮೂಲ.

ಬೇರೆ ಯಾರಾದರೂ ಆಗಿದ್ದರೆ “ಒಳ್ಳೇದಾಯ್ತು” ಎನ್ನುತ್ತಿದ್ದರು. ಆದರೆ ಆ ಸಂಶೋಧನಾ ಸಂಸ್ಥೆಯಲ್ಲಿ ಪಟ್ಟಿ ಡಾಕ್ಟ್ರು ಎಂದೇ ಹೆಸರಾಗಿದ್ದ ವಿಜ್ಞಾನಿಗೆ ಸುದ್ದಿ ಕೇಳಿ ಕಾಲ ಕೆಳಗಿನ ನೆಲವೇ ಕುಸಿದಂತಾಯಿತು.

“ನಿನ್ನೆ ಸಂಜೆವರೆಗೂ ಸುರೀತಾ ಇತ್ತಲ್ಲ ಮೇಡಂ!” ಎಂದು ಗೋಗರೆದರು.

“ಬೆಳಿಗ್ಗೆ ಎದ್ದು ನೋಡ್ತೀನಿ, ಮೂಗು ಖಾಲಿ. ನಾನೇನು ಮಾಡ್ಲಿ ಸಾರ್?”

“ಇನ್ನೊಂದು ದಿನ ಇಟ್ಕೊಂಡಿದ್ರೆ ಏನಾಗ್ತಿತ್ತು?”

“ಅದೇನು ಮನೆಗೆ ಬಂದ ನೆಂಟರಾ, ಊಟ ಮಾಡ್ಕೊಂಡು ಹೋಗಿ ಅಂತ ಕೈ ಹಿಡಿದು ಕೂರಿಸೋಕೆ?” ಎಂದು ಮೇಡಂ ಸಲೀಸಾಗಿ ಉಸಿರೆಳೆದು ತೋರಿಸಿದರು. ಆ ಉಸಿರಿನ ಶಬ್ದ ಡಾಕ್ಟ್ರ ಹೊಟ್ಟೆ ಉರಿಸಿತು.

ಡಾಕ್ಟ್ರ ಪಟ್ಟಿ ಎಂದರೆ ಬೆರಳಗಲದ ಕಾಗದ. ಅದಕ್ಕೆ ಬಳಿದಿರುವುದು ಚಿನ್ನದ ಕಣಗಳು. ಅದನ್ನು ಕೇಳಿದ ದಿನ ಅವರ ಹೆಂಡತಿ ಆಸೆಯಿಂದ ಕತ್ತು ಮುಟ್ಟಿಕೊಂಡಿದ್ದರು. ಒಂದೊಂದು ಕಣವೂ ಕೂದಲೆಳೆಯನ್ನು ಸಾವಿರ ಸಲ ಸೀಳಿದಷ್ಟು ಸಣ್ಣದು ಎಂದು ತಿಳಿದ ಮೇಲೆ ಕೈ ಕೆಳಗಿಳಿಸಿದ್ದರು. ಕಣಗಳ ಮೈತುಂಬ ಅಣುಗಳ ಕೊಕ್ಕೆ. ಊದಿದ ಉಸಿರಿನಲ್ಲಿ ನೆಗಡಿಯ ವೈರಸ್ ಇದ್ದರೆ ಕೊಕ್ಕೆಗೆ ಸಿಕ್ಕಿಬೀಳುತ್ತದೆ, ಕಣಗಳು ಗುಂಪುಗೂಡುತ್ತವೆ, ಗುಲಾಬಿ ಪಟ್ಟಿ ನೀಲಿಯಾಗುತ್ತದೆ. ಇವತ್ತು ನೆಗಡಿ. ಕೊಕ್ಕೆ ಬದಲಾಯಿಸಿದರೆ ನಾಳೆ ಊರಿಗೆ ಊರನ್ನೇ ಮಲಗಿಸುವ ಜ್ವರಗಳು. ಆಸ್ಪತ್ರೆಯೇ ಇಲ್ಲದ ಕಡೆಯೂ ಒಂದು ಉಸಿರಿಗೆ ರೋಗ ಗೊತ್ತಾಗಬೇಕು ಎನ್ನುವುದು ಅವರ ಕನಸು, ಮತ್ತು ಅದು ಹುಚ್ಚು ಕನಸೇನೂ ಆಗಿರಲಿಲ್ಲ.

ಬಾಟಲಿಯೊಳಗಿನ ವೈರಸ್ಸಿಗೆ ಪಟ್ಟಿ ಎಂದೋ ನೀಲಿಯಾಗಿತ್ತು. ನಿರ್ದೇಶಕರಿಗೆ ಅದು ಸಾಲದು. ಪಕ್ಕದ ಪ್ರಯೋಗಾಲಯದ ಲೇಸರ್ ಸಾಹೇಬರು ಹೊಸ ಯಂತ್ರ ಇಡಲು ಡಾಕ್ಟ್ರ ಕೋಣೆಯನ್ನೇ ಕೇಳುತ್ತಿದ್ದರು. ಮೊನ್ನೆ ಡಾಕ್ಟ್ರು ನಿರ್ದೇಶಕರ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು, ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಕೂತು, ಕೋಣೆ ಉಳಿಸಿಕೊಡಿ ಎಂದು ಅಂಗಲಾಚಿದ್ದರು.

“ಬಾಟಲಿ ಕಥೆ ಸಾಕು. ಒಂದು ಜೀವಂತ ಮೂಗು ತನ್ನಿ,” ಎಂದಿದ್ದರು ನಿರ್ದೇಶಕರು. “ನೀಲಿಯಾದ್ರೆ ಕೋಣೆ ನಿಮ್ದು. ಇಲ್ದಿದ್ರೆ ಅವತ್ತೇ ಸಂಜೆ ಖಾಲಿ ಮಾಡಿ.”

ಆ ಜೀವಂತ ಮೂಗೇ ಈಗ, ಪರೀಕ್ಷೆಯ ದಿನವೇ, ಕೈಕೊಟ್ಟಿತ್ತು.

ಡಾಕ್ಟ್ರು ನೆಗಡಿಯ ಬೇಟೆಗೆ ಹೊರಟರು. ಮೊದಲು ಹೋದದ್ದು ಕ್ಯಾಂಟೀನಿಗೆ. ಮೂಗೊರೆಸಿಕೊಳ್ಳುತ್ತಿದ್ದ ಒಬ್ಬ ಗುಮಾಸ್ತನ ಭುಜ ಹಿಡಿದು, “ನೆಗಡಿನಾ?” ಎಂದು ಆಸೆಯಿಂದ ಕೇಳಿದರು.

“ಅಯ್ಯಯ್ಯೋ, ಇಲ್ಲ ಸಾರ್! ಸಾರಿಗೆ ಖಾರ ಜಾಸ್ತಿ ಆಗಿದೆ,” ಎಂದು ಆತ ತಟ್ಟೆ ಬಿಟ್ಟು ಎದ್ದೇ ಹೋದ.

ಯಾರು ತಾನೇ ಒಪ್ಪಿಕೊಂಡಾರು? ನೆಗಡಿಯಾದವರು ಒಂದು ವಾರ ಕಟ್ಟಡದೊಳಗೆ ಕಾಲಿಡಬಾರದೆಂದು ನಿಯಮ ಮಾಡಿಸಿ, ಮೆಟ್ಟಿಲ ಬಳಿ ದಪ್ಪಕ್ಷರದಲ್ಲಿ ಅಂಟಿಸಿದವರೇ ಡಾಕ್ಟ್ರು. ಪಟ್ಟಿಯ ಸಲುವಾಗಿ ಗ್ರಂಥಾಲಯದ ಮೇಡಂ ಒಬ್ಬರಿಗೆ ಮಾತ್ರ ಗುಟ್ಟಾಗಿ ವಿನಾಯಿತಿ ಕೊಟ್ಟಿದ್ದರು. ಈಗ ಅವರು ಬರುತ್ತಿದ್ದಂತೆ ಎಲ್ಲರೂ ಉಸಿರು ಬಿಗಿಹಿಡಿದು ಗೋಡೆ ಸವರಿಕೊಂಡು ಹೋಗತೊಡಗಿದರು. ಕೂಗಿ ಕೂಗಿ ಡಾಕ್ಟ್ರ ಗಂಟಲು ಕೆರೆಯತೊಡಗಿತು. ಕ್ಯಾಂಟೀನಿನ ಕಾಫಿಗೆ ಘಮವೇ ಇರಲಿಲ್ಲ. ಇತ್ತೀಚೆಗೆ ಇವರು ನೀರೇ ಕುಡಿಸುತ್ತಾರೆ ಎಂದು ಬೈದುಕೊಂಡರು.

ಮೈಕ್ರೋಸ್ಕೋಪ್ ಮೇಡಂ ಎದುರಾದರು. ಡಾಕ್ಟ್ರ ಕಣಗಳನ್ನು ತಮ್ಮ ದೊಡ್ಡ ಯಂತ್ರದಲ್ಲಿಟ್ಟು ಕಣ್ಣಾರೆ ಕಂಡವರು ಅವರೊಬ್ಬರೇ. ಹಾಗಾಗಿ ಪಟ್ಟಿಯನ್ನು ನಂಬುವವರೂ ಅವರೊಬ್ಬರೇ.

“ನಾನು ಐಸ್ ನೀರು ಕುಡಿದು ಫ್ಯಾನ್ ಕೆಳಗೆ ಕೂತ್ಕೊಳ್ಲಾ?” ಎಂದರು.

“ಅದರಿಂದ ನೆಗಡಿ ಬರಲ್ಲ ಮೇಡಂ. ವೈರಸ್ ಬೇಕು. ಅಸಲಿ ವೈರಸ್!”

ಅಷ್ಟರಲ್ಲಿ ಗೇಟಿನ ಕಡೆಯಿಂದ ಸಿಡಿಲು ಹೊಡೆದ ಹಾಗೆ ಒಂದು ಸೀನು ಕೇಳಿಸಿತು. ಹಿಂದೆಯೇ ಇನ್ನೊಂದು. ಡಾಕ್ಟ್ರು ಓಡಿದರು. ಬಾಗಿಲು ಕಾಯುವವನು ಕಣ್ಣೀರು ಒರೆಸಿಕೊಳ್ಳುತ್ತಾ ನಿಂತಿದ್ದ. ಡಾಕ್ಟ್ರು ಒಂದು ಮಾತೂ ಕೇಳದೆ ಅವನ ಕೈ ಹಿಡಿದು, ಮದುವೆ ಗಂಡನ್ನು ಕರೆತಂದಷ್ಟು ಮರ್ಯಾದೆಯಿಂದ ಮೇಲೆ ಕರೆತಂದರು.

ನಿರ್ದೇಶಕರು ಆಗಲೇ ಬಂದು ಕೂತಿದ್ದರು. ಲೇಸರ್ ಸಾಹೇಬರೂ ಬಂದಿದ್ದರು, ಕೈಯಲ್ಲಿ ಅಳತೆ ಟೇಪು ಬೇರೆ.

“ಊದಪ್ಪಾ,” ಎಂದರು ಡಾಕ್ಟ್ರು.

ಕಾವಲುಗಾರ ಬಲೂನಿಗೆ ಊದುವ ಹಾಗೆ ಊದಿದ. ಎಲ್ಲರೂ ಪಟ್ಟಿಯನ್ನೇ ದಿಟ್ಟಿಸಿದರು. ಗುಲಾಬಿ. ಸ್ವಲ್ಪ ಹೊತ್ತು ಕಾದರು. ಇನ್ನೂ ಗುಲಾಬಿ.

“ನಿನಗೆ ನೆಗಡಿ ಯಾವಾಗಿಂದ?” ಎಂದು ನಿರ್ದೇಶಕರು ಕೇಳಿದರು.

“ನೆಗಡಿನಾ? ನಂಗಿಲ್ಲ ಸಾರ್. ಬಿಸಿಲು ನೋಡಿದ್ರೆ ಸೀನು ಬರುತ್ತೆ, ಚಿಕ್ಕಂದಿನಿಂದ್ಲೂ ಹಂಗೇ. ಇವ್ರು ಕೇಳ್ಲೇ ಇಲ್ಲ, ಎಳ್ಕೊಂಡು ಬಂದ್ರು.”

“ನೋಡಿ ಸಾರ್, ಪಟ್ಟಿ ಸರಿಯಾಗೇ ಹೇಳಿದೆ!” ಎಂದು ಡಾಕ್ಟ್ರು ಮುಳುಗುವವನು ಹುಲ್ಲುಕಡ್ಡಿ ಹಿಡಿದಂತೆ ಅದನ್ನೇ ಹಿಡಿದುಕೊಂಡರು.

“ಗುಲಾಬಿ ಕಾಗದ ಗುಲಾಬಿಯಾಗಿ ಇರೋದಕ್ಕೆ ಸಂಶೋಧನೆ ಯಾಕ್ರೀ?” ಎಂದು ನಿರ್ದೇಶಕರು ನಕ್ಕರು. ದಿನಾ ಬೆಳಿಗ್ಗೆ ಓಡುವ, ತಣ್ಣೀರು ಸ್ನಾನ ಮಾಡುವ, ಅದನ್ನು ಸಿಕ್ಕಸಿಕ್ಕವರಿಗೆಲ್ಲ ಹೇಳುವ ಮನುಷ್ಯ. “ಕೊಡಿ ಇಲ್ಲಿ. ನನಗಿಂತ ಗಟ್ಟಿಮುಟ್ಟಾದವರು ಈ ಕಟ್ಟಡದಲ್ಲಿ ಯಾರಿದ್ದಾರೆ?” ಎಂದು ಹೊಸ ಪಟ್ಟಿ ಕಿತ್ತುಕೊಂಡು ಊದಿದರು.

ಪಟ್ಟಿ ನೋಡುನೋಡುತ್ತಿದ್ದಂತೆ ನೀಲಿಯಾಯಿತು. ಮಸಿ ಚೆಲ್ಲಿದಂಥ ನೀಲಿ.

ಡಾಕ್ಟ್ರಿಗೆ ಅಳಬೇಕೋ ಕುಣಿಯಬೇಕೋ ತಿಳಿಯಲಿಲ್ಲ.

“ಸೀನೋನಿಗೆ ಗುಲಾಬಿ, ಓಡೋರಿಗೆ ನೀಲಿ,” ಎಂದು ಲೇಸರ್ ಸಾಹೇಬರು ಟೇಪು ಬಿಚ್ಚುತ್ತಾ ಹೇಳಿದರು. “ಪಟ್ಟಿನಾ ತಲೆಕೆಳಗಾಗಿ ಹಿಡ್ಕೊಂಡ್ರೇನೋ ನೋಡಿ.”

“ನನಗೆ ರೋಗ ಅಂತೀರೇನ್ರೀ?” ನಿರ್ದೇಶಕರ ಮುಖ ಕೆಂಪಾಯಿತು. “ಸಂಜೆಯೊಳಗೆ ಕೋಣೆ ಖಾಲಿ!”

ಮಧ್ಯಾಹ್ನವೆಲ್ಲ ಡಾಕ್ಟ್ರು ರಟ್ಟಿನ ಪೆಟ್ಟಿಗೆಗಳಲ್ಲಿ ತಮ್ಮ ಬದುಕನ್ನು ತುಂಬಿದರು. ಮೈಕ್ರೋಸ್ಕೋಪ್ ಮೇಡಂ ನೆರವಾದರು. ಲೇಸರ್ ಸಾಹೇಬರು ಗೋಡೆಯಿಂದ ಗೋಡೆಗೆ ಅಳೆಯುತ್ತಿದ್ದರು. ಡಾಕ್ಟ್ರಿಗೆ ಪಟ್ಟಿಯ ಮೇಲೆ ಸಿಟ್ಟು ಬರಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು. ಆದರೆ ದುಃಖವಾಯಿತು, ತುಂಬಾ ದುಃಖವಾಯಿತು. ಕೈ ತಪ್ಪಿ ಒಂದು ಬಾಟಲಿ ಬಿದ್ದು ಒಡೆಯಿತು.

“ಥೂ, ಏನು ನಾತ!” ಎಂದು ಮೇಡಂ, ಸಾಹೇಬರು ಇಬ್ಬರೂ ಮೂಗು ಮುಚ್ಚಿಕೊಂಡು ಕಿಟಕಿಗೆ ಓಡಿದರು. ಡಾಕ್ಟ್ರು ಅಲ್ಲೇ ಕೂತು ಗಾಜು ಆರಿಸುತ್ತಿದ್ದರು.

“ನಿಮಗೆ ವಾಸನೆ ಬರ್ತಿಲ್ವಾ ಸಾರ್?” ಎಂದರು ಮೇಡಂ.

“ಯಾವ ವಾಸನೆ?” ಎನ್ನುವಷ್ಟರಲ್ಲಿ ಫೋನು ಹೊಡೆದುಕೊಂಡಿತು. ಡಾಕ್ಟ್ರು ಸ್ಪೀಕರ್ ಒತ್ತಿದರು.

“ಆ... ಆಕ್ಷೀ!” ನಿರ್ದೇಶಕರ ಧ್ವನಿ. “ರೀ ಡಾಕ್ಟ್ರೇ! ಮನೆಗೆ ಬಂದ್ರೆ ಮೂಗು ನಲ್ಲಿ ಆಗಿದೆ. ನನ್ನ ಮೂಗಿಗೇ ಗೊತ್ತಾಗೋ ಮುಂಚೆ ನಿಮ್ಮ ಪಟ್ಟಿಗೆ ಗೊತ್ತಾಗಿತ್ತಲ್ರೀ! ಕೋಣೆ ನಿಮ್ದೇ. ಯಾರೂ ಮುಟ್ಟಬಾರದು.”

ಮೇಡಂ ಚಪ್ಪಾಳೆ ತಟ್ಟಿದರು. ಲೇಸರ್ ಸಾಹೇಬರ ಟೇಪು ಸರ್ರನೆ ಒಳಗೆ ಸೇರಿಕೊಂಡಿತು. ಡಾಕ್ಟ್ರ ಕಣ್ಣಲ್ಲಿ ನೀರು ತುಂಬಿತು.

“ಒಂದು ಕೆಲಸ ಮಾಡಿ,” ಎಂದಿತು ಫೋನು. “ಎಲ್ಲರ ಹತ್ರಾನೂ ಊದಿಸಿ. ನನಗಿದನ್ನ ಅಂಟಿಸಿದ ಪುಣ್ಯಾತ್ಮ ಯಾರು ಅಂತ ಈಗ್ಲೇ ಪತ್ತೆ ಮಾಡಿ. ಸಿಕ್ಕಿದವನು ಒಂದು ವಾರ ಗೇಟಿನ ಹೊರಗೆ. ನಿಮ್ಮದೇ ನಿಯಮ!”

ಸಾಹೇಬರು ಊದಿದರು. ಗುಲಾಬಿ. ಮೇಡಂ ಊದಿದರು. ಗುಲಾಬಿ. ಆಮೇಲೆ ಮೇಡಂ ಮೂರನೆಯ ಪಟ್ಟಿಯನ್ನು ಡಾಕ್ಟ್ರ ಬಾಯಿಯ ಮುಂದೆ ಹಿಡಿದರು.

“ನಾನೆಂಗೆ ಊದಲಿ ಮೇಡಂ? ಪಟ್ಟಿ ಮಾಡಿದವನು ಪಟ್ಟಿಗೆ ಊದಬಾರದು. ಇಷ್ಟು ವರ್ಷ ನಾನು ಒಂದಕ್ಕೂ ಊದಿಲ್ಲ. ಮಾಡಿದವನ ಕಣ್ಣಿಗೆ ಗುಲಾಬೀನೂ ನೀಲಿಯಾಗಿ ಕಾಣುತ್ತೆ.”

“ನೋಡೋಳು ನಾನು. ನೀವು ಊದಿ ಸಾಕು.”

ಡಾಕ್ಟ್ರು ಊದಿದರು. ಪಟ್ಟಿ ನೀಲಿಯಾಯಿತು. ನಿರ್ದೇಶಕರದ್ದಕ್ಕಿಂತಲೂ ಕಡು ನೀಲಿ.

“ಆಹಾ, ಎಂಥ ಬಣ್ಣ!” ಎಂದು ಡಾಕ್ಟ್ರು ಮೊದಲು ಹಿಗ್ಗಿದರು. ಆಮೇಲೆ ಅರ್ಥವಾಯಿತು. ಗಂಟಲ ಕೆರೆತ, ಘಮವಿಲ್ಲದ ಕಾಫಿ, ಮೊನ್ನೆ ಮೂಗಿಗೆ ಮೂಗು ತಾಗಿಸಿ ಅಂಗಲಾಚಿದ್ದು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಿದ್ದರು.

“ಏನಾಯ್ತ್ರೀ? ಸಿಕ್ಕಿದ್ನಾ?” ಎಂದು ಫೋನು ಕೇಳಿತು.

ಡಾಕ್ಟ್ರು ಸುಳ್ಳು ಹೇಳುವ ಜಾಯಮಾನದವರಲ್ಲ. ಆದರೂ ಬಾಯಿ ತೆರೆಯುವ ಮೊದಲೇ ಮೂಗು ಉತ್ತರ ಕೊಟ್ಟಿತು. ಬೆಳಿಗ್ಗೆಯಿಂದ ಕಾದಿದ್ದ ಆ ಸೀನಿಗೆ ಕಿಟಕಿಯ ಗಾಜು ಅದುರಿತು.

ಸಂಜೆ ಅವರು ಗೇಟಿನ ಹೊರಗಿನ ಬೆಂಚಿನ ಮೇಲೆ ಒಬ್ಬರೇ ಕೂತಿದ್ದರು. ಮನೆಗೆ ಫೋನು ಮಾಡಿದಾಗ ಹೆಂಡತಿ, “ಅಡುಗೆಮನೆ ಕಡೆ ಸುಳೀಬೇಡಿ, ಮಹಡಿ ಮೇಲೆ ಹಾಸಿಗೆ ಹಾಕ್ತೀನಿ” ಎಂದಿದ್ದರು. ಮೇಲೆ ಅವರ ಕೋಣೆಯಲ್ಲಿ ದೀಪ ಉರಿಯುತ್ತಿತ್ತು. ‘ಹೇಗೂ ಒಂದು ವಾರ ಖಾಲಿ ಇರುತ್ತಲ್ಲ’ ಎಂದು ಲೇಸರ್ ಸಾಹೇಬರು ಯಂತ್ರವನ್ನು ಒಳಗೆ ತಳ್ಳಿಸುವ ಸದ್ದು ಇಲ್ಲಿಗೂ ಕೇಳಿಸುತ್ತಿತ್ತು. ಆದರೂ ಡಾಕ್ಟ್ರು ಜೇಬಿನಿಂದ ನೀಲಿ ಪಟ್ಟಿ ತೆಗೆದು ನೋಡುವುದು, ನಗುವುದು, ಮತ್ತೆ ಜೇಬಿಗಿಡುವುದು ನಡೆದೇ ಇತ್ತು. ಮುಂದಿನ ಜ್ವರಕ್ಕೆ ಎಂಥ ಕೊಕ್ಕೆ ಹಾಕಬೇಕೆಂದು ಮನಸ್ಸು ಆಗಲೇ ಹೊಸೆಯುತ್ತಿತ್ತು.

ಇಳಿಬಿಸಿಲು ಕಣ್ಣಿಗೆ ಬಿದ್ದು ಕಾವಲುಗಾರ ಸೀನಿದ. ಹಿಂದೆಯೇ ಡಾಕ್ಟ್ರೂ ಸೀನಿದರು.

“ನಂದು ಬರೀ ಸದ್ದು ಸಾರ್,” ಎಂದು ಕಾವಲುಗಾರ ಕುರ್ಚಿಯನ್ನು ಒಂದು ಮಾರು ದೂರ ಎಳೆದುಕೊಂಡು ಹೇಳಿದ. “ನಿಮ್ದು ಅಸಲಿ ಮಾಲು.”